ಒಳಗಾಳಿ, ಹೊರಗಾಳಿ: ಕಾರಿನ ಸ್ವಯಂಚಾಲಿತ ಹವಾನಿಯಂತ್ರಣ ಮತ್ತು ಸಾತನೂರಿನ ದಾರಿ

ಕಾರಿನ ‘ಆಟೋ’ ಗುಂಡಿಯನ್ನು ಒತ್ತಿ, ತಾಪಮಾನವನ್ನು 24 ಡಿಗ್ರಿಗೆ ನಿಲ್ಲಿಸಿ, ಆಮೇಲೆ ಊರು ಮುಟ್ಟುವವರೆಗೆ ಅದರ ಗೊಡವೆಗೇ ಹೋಗದಿರುವುದು ಇಂದಿನ ಮಧ್ಯಮ ದರ್ಜೆಯ ಕಾರುಗಳಲ್ಲಿ ಬಹುತೇಕ ರೂಢಿಯಾಗಿಬಿಟ್ಟಿದೆ. ಮುಚ್ಚಿದ ಕಾರಿನೊಳಗಿನ ಗಾಳಿಗೆ ಶಾಖ, ತೇವ ಮತ್ತು ಶುದ್ಧಿ ಎಂಬ ಮೂರು ಬೇರೆಬೇರೆ ಲೆಕ್ಕಗಳಿದ್ದು, ಸ್ವಯಂಚಾಲಿತ ವ್ಯವಸ್ಥೆಯು ಇವುಗಳಲ್ಲಿ ಮೊದಲನೆಯದನ್ನು ಚೆನ್ನಾಗಿಯೂ ಎರಡನೆಯದನ್ನು ಅರ್ಧಂಬರ್ಧವಾಗಿಯೂ ನಿಭಾಯಿಸುತ್ತದೆ. ಮೂರನೆಯದನ್ನು ಬಹುಪಾಲು ಕಾರುಗಳಲ್ಲಿ ಚಾಲಕನ ವಿವೇಚನೆಗೇ ಬಿಟ್ಟುಬಿಡುತ್ತದೆ. ಈ ಹೊಣೆಗಾರಿಕೆಯ ಹಂಚಿಕೆ ಸ್ಪಷ್ಟವಾಗಿ ತಿಳಿಯದಿರುವುದರಿಂದಲೇ ಹೊರಗಾಳಿಯನ್ನು ತಡೆದು ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯು, ಅಂದರೆ ಕಾರಿನ ಚಿತ್ರದೊಳಗೆ ಹಿಂದಿರುಗಿ ಬಾಗಿದ ಬಾಣವಿರುವ ಗುಂಡಿಯು, ಎಷ್ಟೋ ಕಾರುಗಳಲ್ಲಿ ಕೊಂಡ ದಿನದಿಂದ ಮಾರುವ ದಿನದವರೆಗೂ ಒತ್ತಿದಂತೆಯೇ ಉಳಿಯುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಬೆಂಗಳೂರಿನಿಂದ ಕನಕಪುರದ ಮೂಲಕ ಸಾತನೂರಿಗೆ ಹೋಗುವ ಸುಮಾರು 70 ಕಿಲೋಮೀಟರಿನ ದಾರಿಗಿಂತ ಒಳ್ಳೆಯ ನೆಲೆ ಸಿಗುವುದು ಕಷ್ಟ. ಹಿಂದೆ 209 ಎಂಬ ಸಂಖ್ಯೆ ಹೊತ್ತಿದ್ದು ಈಗ 948 ಎಂದು ಗುರುತಿಸಲ್ಪಡುವ ಈ ರಾಷ್ಟ್ರೀಯ ಹೆದ್ದಾರಿಯು ಬನಶಂಕರಿಯ ವಾಹನ ದಟ್ಟಣೆಯಿಂದ ಹೊರಟು, 2021ರ ಜನವರಿಯಲ್ಲಿ ಮೆಟ್ರೋ ಬಂದು ಮುಟ್ಟಿದ ರೇಷ್ಮೆ ಸಂಸ್ಥೆ ನಿಲ್ದಾಣವನ್ನು ದಾಟಿ, ಕಗ್ಗಲೀಪುರ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಮತ್ತು ಕನಕಪುರ ಪಟ್ಟಣಗಳನ್ನು ಹಾದು, ಸಾತನೂರಿನಿಂದ ಮುಂದೆ ಹಲಗೂರು, ಮಳವಳ್ಳಿ, ಕೊಳ್ಳೇಗಾಲಗಳತ್ತ ಸಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಿಂದ ಕಾವೇರಿ ಕಣಿವೆಯ ಕಡೆಗೆ ಇಳಿಯುತ್ತ ಹೋದಂತೆ ಬಿಸಿಲಿನ ಝಳ ಏರುತ್ತದೆ. ನಗರದ ಹೊಗೆ, ಕಲ್ಲುಗಣಿ ಮತ್ತು ಜಲ್ಲಿ ಕ್ರಷರುಗಳ ದೂಳು, ಹಿಪ್ಪುನೇರಳೆ ತೋಟಗಳ ನಡುವಿನ ತಿಳಿಗಾಳಿ, ಕಾವೇರಿ ದಂಡೆಯ ಸಂಗಮ ಮತ್ತು ಮುತ್ತತ್ತಿಯ ಕಡೆಯ ಕಾಡಿನ ಗಾಳಿ ಇವೆಲ್ಲವೂ ಎರಡು ಗಂಟೆಯ ಪಯಣದಲ್ಲಿ ಒಂದಾದ ಮೇಲೊಂದು ಎದುರಾಗುವುದರಿಂದ, ಒಂದೇ ಗುಂಡಿಯನ್ನು ಒಂದೇ ಸ್ಥಿತಿಯಲ್ಲಿ ಇಟ್ಟುಕೊಂಡು ಇಡೀ ದಾರಿಯನ್ನು ಕಳೆಯುವುದು ಎಷ್ಟು ಸರಿಯೆಂಬುದು ಇಲ್ಲಿ ಬೇಗ ತಿಳಿಯುತ್ತದೆ.

ಮೊದಲು ಯಂತ್ರದ ಕೆಲಸವನ್ನು ನೋಡಬಹುದು. ಎಂಜಿನ್ನಿನ ಬಲದಿಂದ ತಿರುಗುವ ಕಂಪ್ರೆಸರ್ ತಂಪುಕಾರಕ ಅನಿಲವನ್ನು, ಅಂದರೆ ಗ್ಯಾರೇಜಿನಲ್ಲಿ ಬರಿದೇ ‘ಗ್ಯಾಸ್’ ಎನಿಸಿಕೊಳ್ಳುವ ವಸ್ತುವನ್ನು, ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಹೊರಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ. ಕಿರಿದಾದ ಕವಾಟದ ಮೂಲಕ ನುಗ್ಗಿ ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲನ್ನು ಸೇರಿದಾಗ ಮತ್ತೆ ಅನಿಲವಾಗುತ್ತ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಬ್ಲೋವರ್ ಆ ಕಾಯಿಲಿನ ಮೂಲಕ ಗಾಳಿಯನ್ನು ತಳ್ಳುವಾಗ ಅದರಲ್ಲಿನ ತೇವವೂ ಹನಿಗಟ್ಟಿ ಕೊಳವೆಯೊಂದರ ಮೂಲಕ ಕೆಳಗೆ ಹರಿಯುತ್ತದೆ. ಏಸಿ ಹಾಕಿ ಓಡಿಸಿ ತಂದು ನಿಲ್ಲಿಸಿದ ಕಾರಿನಡಿ ಕಾಣುವ ನೀರು ಇದೇ. 30 ಡಿಗ್ರಿ ಶಾಖದ ಗಾಳಿಯು ಒಂದು ಘನಮೀಟರಿಗೆ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದಾದರೆ, 10 ಡಿಗ್ರಿಯ ಗಾಳಿ ಹಿಡಿಯಬಲ್ಲುದು ಒಂಬತ್ತು ಚಿಲ್ಲರೆ ಗ್ರಾಂ ಮಾತ್ರ, ಉಳಿದದ್ದು ನೀರಾಗಲೇಬೇಕು. ಏಸಿಯು ತಂಪು ಮಾಡುವ ಯಂತ್ರವಾಗಿರುವಷ್ಟೇ ಗಾಳಿಯನ್ನು ಒಣಗಿಸುವ ಯಂತ್ರವೂ ಆಗಿದೆ ಎಂಬ ಈ ಸಂಗತಿಯು ಮಳೆಗಾಲದ ಚರ್ಚೆಯಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ಕಾರಿಗೆ ಏಸಿ ಅಳವಡಿಸಿದ ಮೊದಲಿಗರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಹೆಸರಾದುದು. 1939ರಲ್ಲಿ ಅದು ಹೊರತಂದ ವ್ಯವಸ್ಥೆಯಲ್ಲಿ ತಂಪನ್ನು ಹೆಚ್ಚುಕಡಿಮೆ ಮಾಡುವ ಅನುಕೂಲವಿರಲಿಲ್ಲ. ಪೂರ್ತಿ ನಿಲ್ಲಿಸಬೇಕಾದರೆ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನು ಕಳಚಬೇಕಾಗಿತ್ತು. ಬೇಕಾದ ಶಾಖವನ್ನು ಒಮ್ಮೆ ಹೇಳಿಬಿಟ್ಟರೆ ಯಂತ್ರವೇ ಅದನ್ನು ಕಾಯ್ದುಕೊಳ್ಳುವ ಏರ್ಪಾಡು 1964ರಲ್ಲಿ ಕ್ಯಾಡಿಲಾಕ್ ಕಾರುಗಳೊಂದಿಗೆ ಬಂದಿತು. ಭಾರತದ ರಸ್ತೆಗಳಲ್ಲಿ ಇದೇ ಕಾಲದಲ್ಲಿ ಓಡುತ್ತಿದ್ದ ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳಲ್ಲಿ ಹವಾನಿಯಂತ್ರಣವೆಂದರೆ ಮುಂಬಾಗಿಲಿನ ತ್ರಿಕೋನಾಕಾರದ ಪುಟ್ಟ ಗಾಜನ್ನು ಓರೆಯಾಗಿ ತಿರುಗಿಸಿ ಗಾಳಿಯನ್ನು ಮೈಮೇಲೆ ಬರಮಾಡಿಕೊಳ್ಳುವುದಷ್ಟೇ ಆಗಿತ್ತು. ಹಳೆಯ ಆ ಏರ್ಪಾಡಿನಲ್ಲಿ ತಂಪು ಕಡಿಮೆಯಿದ್ದರೂ ಹೊಸ ಗಾಳಿಗೆ ಕೊರತೆಯಿರಲಿಲ್ಲ.

ಸ್ವಯಂಚಾಲಿತ ವ್ಯವಸ್ಥೆಗೆ ಕಣ್ಣುಕಿವಿಗಳಾಗಿರುವುದು ಕೆಲವು ಸಂವೇದಕಗಳು. ಮುಂದಿನ ಬಂಪರಿನ ಹಿಂದಿರುವುದು ಹೊರಗಿನ ಶಾಖವನ್ನು ಅಳೆಯುತ್ತದೆ. ಸ್ಟಿಯರಿಂಗಿನ ಆಸುಪಾಸಿನಲ್ಲಿ, ನಾಲ್ಕಾರು ಸೀಳುಗಳುಳ್ಳ ಬೆರಳಗಲದ ಜಾಲರಿಯ ಹಿಂದಿರುವುದು ಒಳಗಿನ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಎಳೆದುಕೊಂಡು ಅದರ ಶಾಖವನ್ನು ನೋಡುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿಗೆ ಹತ್ತಿರವಾಗಿ, ಶರ್ಟಿನ ಗುಂಡಿಯಂತೆ ಉಬ್ಬಿರುವುದು ಬಿಸಿಲಿನ ಪ್ರಖರತೆಯನ್ನು ಗ್ರಹಿಸುತ್ತದೆ. ಕೂಲಿಂಗ್ ಕಾಯಿಲಿನ ಮೇಲಿರುವುದು ಅದು ಹೆಪ್ಪುಗಟ್ಟದಂತೆ ಕಂಪ್ರೆಸರನ್ನು ತಡೆಯುತ್ತದೆ. ಇವೆಲ್ಲದರ ವರದಿಯನ್ನು ಕೂಡಿಸಿ ನಿಯಂತ್ರಕ ಘಟಕವು ಬ್ಲೋವರಿನ ವೇಗ, ಗಾಳಿ ಹೊರಬೀಳುವ ದಿಕ್ಕು ಮತ್ತು ಎಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಕಾಯಿಲಿನ ಬಿಸಿಗಾಳಿಯನ್ನು ತಣ್ಣನೆಯ ಗಾಳಿಗೆ ಎಷ್ಟು ಬೆರೆಸಬೇಕೆಂಬ ಪ್ರಮಾಣ ಇವುಗಳನ್ನು ತೀರ್ಮಾನಿಸುತ್ತದೆ.

ಇಲ್ಲಿ ಒಂದು ಸಣ್ಣ ಅಡ್ಡಿ ನಮ್ಮ ಕಾರುಗಳಿಗೇ ವಿಶಿಷ್ಟವಾದದ್ದು. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯ ಮೂರ್ತಿಯನ್ನೋ ಸಾತನೂರಿನ ಬಳಿಯ ಕಬ್ಬಾಳಿನ ದೇವತೆ ಕಬ್ಬಾಳಮ್ಮನ ಪಟವನ್ನೋ ಇಡುವುದು, ಅದಕ್ಕೆ ಹೂವಿನ ಹಾರ ಹಾಕುವುದು, ಬಿಸಿಲಿಗೆ ಪ್ಲಾಸ್ಟಿಕ್ ಸೀಳದಿರಲೆಂದು ಮೇಲೊಂದು ವೆಲ್ವೆಟ್ ಹಾಸು ಹರಡುವುದು ಸಾಮಾನ್ಯವಾಗಿದ್ದು, ಬಿಸಿಲಿನ ಸಂವೇದಕ ಇವುಗಳ ನೆರಳಿಗೆ ಬಿದ್ದರೆ ಯಂತ್ರವು ಮಟಮಟ ಮಧ್ಯಾಹ್ನವನ್ನೂ ಮೋಡದ ದಿನವೆಂದೇ ಭಾವಿಸುತ್ತದೆ. ಆಗ ಏಸಿ ಸಾಲದೆಂದು ದೂರುತ್ತ ಶಾಖವನ್ನು 20ಕ್ಕೆ, 18ಕ್ಕೆ ಇಳಿಸುವವರು ಮೂರ್ತಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ನೋಡುವುದು ಮೇಲು. ಬಿಸಿಯಾದ ಕಾರನ್ನು ಬೇಗ ತಣಿಸಲೆಂದು ಅಂಕಿಯನ್ನು ಕನಿಷ್ಠಕ್ಕೆ ಇಳಿಸುವುದೂ ಅಷ್ಟಾಗಿ ಫಲಕಾರಿಯಲ್ಲ. 24ಕ್ಕೆ ಇಟ್ಟಿದ್ದರೂ ಒಳಗೆ 45 ಡಿಗ್ರಿಯಿದ್ದಾಗ ಆಟೋ ವ್ಯವಸ್ಥೆಯು ಮೊದಲ ನಿಮಿಷಗಳಲ್ಲಿ ತನ್ನ ಶಕ್ತಿಯನ್ನೆಲ್ಲ ಹಾಕಿಯೇ ದುಡಿಯುತ್ತದೆ, 18ಕ್ಕೆ ಇಟ್ಟರೆ ಅದು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದುವರಿಯುತ್ತದೆಯೇ ಹೊರತು ಹೆಚ್ಚು ರಭಸದಿಂದ ಓಡುವುದಿಲ್ಲ. ಮನೆಯ ಏಸಿಗಳು 24 ಡಿಗ್ರಿಯಲ್ಲೇ ಆರಂಭವಾಗುವಂತಿರಬೇಕೆಂದು 2020ರ ಆರಂಭದಿಂದ ದೇಶದಲ್ಲಿ ನಿಯಮವಿರುವುದು ಇಲ್ಲಿ ನೆನೆಯತಕ್ಕದ್ದು.

ಆದರೂ 24 ಎಂಬ ಅಂಕಿಯೊಂದೇ ಹಿತವನ್ನು ಖಚಿತಪಡಿಸುವುದಿಲ್ಲ. ಡೆನ್ಮಾರ್ಕಿನ ವಿದ್ವಾಂಸ ಫಾಂಗರ್ 1970ರ ತನ್ನ ಗ್ರಂಥದಲ್ಲಿ ಮನುಷ್ಯನ ಶಾಖಾನುಭವವನ್ನು ಗಾಳಿಯ ಶಾಖ, ಸುತ್ತಲಿನ ಮೇಲ್ಮೈಗಳಿಂದ ಸೂಸುವ ಶಾಖ, ತೇವಾಂಶ, ಗಾಳಿಯ ವೇಗ, ತೊಟ್ಟ ಉಡುಪು ಮತ್ತು ಮೈಯ ಚಟುವಟಿಕೆ ಎಂಬ ಆರು ಅಂಶಗಳಿಂದ ವಿವರಿಸಿದ. ಕಾರಿನ ಸಂವೇದಕಗಳು ಇವುಗಳಲ್ಲಿ ಅರ್ಧವನ್ನೂ ಸರಿಯಾಗಿ ಅರಿಯವು. ಸಂಜೆಯ ಹೊತ್ತು ಸಾತನೂರಿನಿಂದ ಬೆಂಗಳೂರಿನತ್ತ, ಅಂದರೆ ಹೆಚ್ಚುಕಡಿಮೆ ಈಶಾನ್ಯಕ್ಕೆ, ಹಿಂದಿರುಗುವ ಕಾರಿನಲ್ಲಿ ಎಡಬದಿಗೆ ಕುಳಿತವರ ಮೇಲೆ ಪಡುವಣ ಬಿಸಿಲು ಬೀಳುತ್ತಿರುವಾಗ ಬಲಬದಿಯ ಚಾಲಕನಿಗೆ ಚಳಿಯೆನಿಸುವುದೂ ಉಂಟು. ಎರಡು ಬದಿಗೆ ಬೇರೆಬೇರೆ ಶಾಖವನ್ನು ನಿಗದಿಪಡಿಸುವ ಅನುಕೂಲ ದುಬಾರಿ ಕಾರುಗಳಲ್ಲಿದೆ. ಉಳಿದವುಗಳಲ್ಲಿ ಗಾಳಿಯ ಕಿಂಡಿಗಳನ್ನು ತಿರುಗಿಸಿಕೊಳ್ಳುವುದೇ ದಾರಿ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿ ಬಿಸಿಲನ್ನು ತಡೆಯುತ್ತಿದ್ದ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ಮುಂದಿನ ಮತ್ತು ಹಿಂದಿನ ಗಾಜುಗಳು ಕನಿಷ್ಠ 70 ಪ್ರತಿಶತ, ಪಕ್ಕದ ಗಾಜುಗಳು ಕನಿಷ್ಠ 50 ಪ್ರತಿಶತ ಬೆಳಕನ್ನು ಒಳಬಿಡಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿರುವ ಅಳತೆ.

ಇನ್ನು ಮುಖ್ಯ ವಿಷಯವಾದ ಒಳಗಾಳಿಯ ಮರುಬಳಕೆ. ಮುಂಗಾಜಿನ ಬುಡದಲ್ಲಿ ವೈಪರುಗಳ ಕೆಳಗಿರುವ ಸೀಳುಗಳಿಂದ ಹೊರಗಾಳಿ ಒಳಬರುತ್ತದೆ. ಅಲ್ಲೇ ಒಳಗಿರುವ ಒಂದು ಬಾಗಿಲು ಮುಚ್ಚಿದರೆ ಆ ದಾರಿ ಕಟ್ಟಿ, ಬ್ಲೋವರ್ ಪ್ರಯಾಣಿಕರ ಕಾಲಬಳಿಯಿಂದ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಇದರ ಲಾಭ ಸ್ಪಷ್ಟ. ಹೊರಗಿನ 36 ಡಿಗ್ರಿಯ ಗಾಳಿಯನ್ನು ತಣಿಸುವುದಕ್ಕಿಂತ ಆಗಲೇ 26ಕ್ಕೆ ಇಳಿದ ಗಾಳಿಯನ್ನು ಇನ್ನಷ್ಟು ತಣಿಸುವುದು ಸುಲಭ; ಅದರ ತೇವವೂ ಆಗಲೇ ಇಳಿದಿರುವುದರಿಂದ ಕಂಪ್ರೆಸರಿಗೆ ಎರಡು ಬಗೆಯಲ್ಲಿ ಹೊರೆ ಕಡಿಮೆಯಾಗಿ ಇಂಧನವೂ ಉಳಿಯುತ್ತದೆ. ಬಿರುಬೇಸಗೆಯ ದಿನಗಳಲ್ಲಿ ಆಟೋ ವ್ಯವಸ್ಥೆಯು ತಾನೇ ಈ ಬಾಗಿಲನ್ನು ಮುಚ್ಚುವುದು ಈ ಲೆಕ್ಕದ ಮೇಲೆಯೇ. ಆದರೆ ಅದು ಶಾಖದ ಲೆಕ್ಕ, ಉಸಿರಿನ ಲೆಕ್ಕವಲ್ಲ.

ರಾಮನಗರ ಸೀಮೆಯ ರೇಷ್ಮೆ ಬೆಳೆಗಾರರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಒಯ್ಯುವ ಕನಕಪುರ, ಸಾತನೂರು, ಚನ್ನಪಟ್ಟಣದ ಕಡೆಯ ಕುಟುಂಬಗಳು ಹುಳುಮನೆಯಲ್ಲಿ ಶಾಖ, ತೇವ, ಗಾಳಿ ಎಂಬ ಮೂರನ್ನೂ ಬೇರೆಬೇರೆಯಾಗಿಯೇ ನೋಡಿಕೊಳ್ಳುತ್ತ ಬಂದಿವೆ. ಚಾಕಿ ಹಂತದ ಎಳೆಯ ಹುಳುವಿಗೆ 27–28 ಡಿಗ್ರಿ ಶಾಖವೂ 80 ಪ್ರತಿಶತಕ್ಕೂ ಮೇಲ್ಪಟ್ಟ ತೇವವೂ ಬೇಕು. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲೆ ಅದೇ ಹುಳುವಿಗೆ 24ರ ಆಸುಪಾಸಿನ ಶಾಖ ಮತ್ತು 70ರ ಸುತ್ತಲಿನ ತೇವ ಸಾಕಾಗಿ, ಗಾಳಿಯಾಟ ಮಾತ್ರ ಹೆಚ್ಚಬೇಕಾಗುತ್ತದೆ. ಚಾಕಿ ತಟ್ಟೆಯ ಮೇಲೆ ತೇವ ಆರದಂತೆ ಪ್ಯಾರಾಫಿನ್ ಕಾಗದ ಹೊದಿಸುವವರೇ, ಪ್ರತಿ ಬಾರಿ ಸೊಪ್ಪು ಕೊಡುವ ಅರ್ಧ ಗಂಟೆ ಮೊದಲು ಆ ಹೊದಿಕೆಯನ್ನು ತೆಗೆದು ಗಾಳಿಯಾಡಲು ಬಿಡುತ್ತಾರೆ. ಶಾಖ ಮತ್ತು ತೇವ ಎರಡೂ ಹೇಳಿದಂತೆಯೇ ಇದ್ದರೂ ಮುಚ್ಚಿಟ್ಟ ಹಾಸಿಗೆಯಲ್ಲಿ ಗಾಳಿ ಕೆಡುತ್ತದೆಂದು ಅವರಿಗೆ ಗೊತ್ತು. ಗೂಡನ್ನು ಚೀಲಗಳಲ್ಲಿ ಒತ್ತಿ ತುಂಬದೆ ತಂಪು ಹೊತ್ತಿನಲ್ಲಿ ಸಾಗಿಸುವುದರ ಹಿಂದೆಯೂ ಇರುವುದು ಒಳಗಿನ ಕೋಶ ಉಸಿರಾಡುತ್ತ ಬಿಸಿಯನ್ನೂ ತೇವವನ್ನೂ ಹೊರಬಿಡುತ್ತದೆಂಬ ತಿಳಿವಳಿಕೆಯೇ. ಕಾರಿನ ಮರುಬಳಕೆಯ ಗುಂಡಿ ಆ ಪ್ಯಾರಾಫಿನ್ ಹೊದಿಕೆಯ ಜಾತಿಗೆ ಸೇರಿದ್ದು.

ಕೆಡುವ ಪ್ರಮಾಣವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಸುಮ್ಮನೆ ಕುಳಿತ ವಯಸ್ಕನೊಬ್ಬ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಕಾರಿನೊಳಗಿನ ಅವಕಾಶ ಸುಮಾರು ಮೂರು ಘನಮೀಟರ್, ಅಂದರೆ 3000 ಲೀಟರ್. ಐವರು ಕುಳಿತರೆ ನಿಮಿಷಕ್ಕೆ ಒಂದೂವರೆ ಲೀಟರಿನಂತೆ ಆ ಅನಿಲ ಸೇರುತ್ತ, ಗಾಳಿ ಎಲ್ಲಿಯೂ ಸೋರದ ಪಕ್ಷದಲ್ಲಿ, ಪ್ರತಿ ನಿಮಿಷವೂ ದಶಲಕ್ಷಕ್ಕೆ 500 ಭಾಗಗಳಷ್ಟು ಏರುತ್ತದೆ. ಹೊರಗಾಳಿಯಲ್ಲಿ ಇದರ ಪ್ರಮಾಣ 420 ಭಾಗಗಳಿಗಿಂತ ತುಸು ಹೆಚ್ಚು. ಕಟ್ಟಡಗಳೊಳಗೆ 1000 ದಾಟಿದರೆ ಗಾಳಿಯಾಟ ಸಾಲದೆಂಬುದು ಬಹುಕಾಲದ ವಾಡಿಕೆಯ ಅಳತೆ. ಅಮೆರಿಕದಲ್ಲಿ ಎಂಟು ಗಂಟೆ ದುಡಿಯುವ ಜಾಗಗಳಿಗೆ ಹಾಕಿರುವ ಮಿತಿ 5000. ನಿಜವಾದ ಕಾರು ಬಾಗಿಲಿನ ಸಂದುಗಳಲ್ಲಿ ಸೋರುವುದರಿಂದ, ಅದರಲ್ಲೂ ವೇಗವಾಗಿ ಓಡುವಾಗ ಹೆಚ್ಚು ಸೋರುವುದರಿಂದ, ಏರಿಕೆ ಇಷ್ಟು ತೀವ್ರವಾಗಿರದಿದ್ದರೂ ತುಂಬಿದ ಕಾರಿನಲ್ಲಿ ಕೆಲವು ಸಾವಿರಗಳ ಮಟ್ಟವನ್ನು ಮುಟ್ಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಬಾಗಿಲಿನ ರಬ್ಬರು ಬಿಗಿಯಾಗಿರುವ ಹೊಸ ಕಾರು, ತೆವಳುವ ಸಂಚಾರ, ಕಬ್ಬಾಳಿಗೆ ಹರಕೆ ತೀರಿಸಲು ಮಕ್ಕಳುಮರಿಯೊಂದಿಗೆ ಹೊರಟ ಏಳೆಂಟು ಜನ ಇವು ಮೂರೂ ಕೂಡಿದಾಗ ಸ್ಥಿತಿ ಅತಿ ಕೆಟ್ಟದಾಗಿರುತ್ತದೆ.

ಇದರ ಪರಿಣಾಮ ಎಷ್ಟೆಂಬುದರಲ್ಲಿ ಸಂಶೋಧಕರು ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1000 ಮತ್ತು 2500 ಭಾಗಗಳ ಮಟ್ಟದಲ್ಲಿ ಜನರ ನಿರ್ಧಾರ ಸಾಮರ್ಥ್ಯ ಕುಗ್ಗಿದ್ದು ಕಂಡುಬಂದಿತು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದವರು ಕೆಲವು ವರ್ಷಗಳ ಬಳಿಕ ಶುದ್ಧ ಅನಿಲವನ್ನಷ್ಟೇ 3000 ಭಾಗಗಳವರೆಗೆ ಬೆರೆಸಿ ನೋಡಿದಾಗ ಅಂಥ ಕುಗ್ಗುವಿಕೆ ಕಾಣಲಿಲ್ಲ, ಆದರೆ ಮನುಷ್ಯರ ಮೈಯಿಂದ ಹೊರಡುವ ಇತರ ವಸ್ತುಗಳೂ ಅದರೊಡನೆ ಶೇಖರವಾದಾಗ ತಲೆನೋವು, ತೂಕಡಿಕೆ, ಕೆಲಸದಲ್ಲಿ ಮಂದತನ ಕಂಡುಬಂದವು. ಕಾರಿನ ಮಟ್ಟಿಗೆ ಈ ವಿವಾದ ತೀರುವವರೆಗೆ ಕಾಯಬೇಕಾಗಿಲ್ಲ, ಏಕೆಂದರೆ ಅಲ್ಲಿ ಈ ಎರಡೂ ಒಟ್ಟಿಗೇ ಶೇಖರವಾಗುತ್ತವೆ. ಊಟ ಮುಗಿಸಿ ಹೊರಟ ಕಾರಿನಲ್ಲಿ ಹಿಂದಿನ ಸೀಟಿನವರೆಲ್ಲ ಹತ್ತೇ ನಿಮಿಷದಲ್ಲಿ ನಿದ್ದೆಹೋದರೆ ಅದಕ್ಕೆ ಮುದ್ದೆಯನ್ನಷ್ಟೇ ಹೊಣೆ ಮಾಡುವಂತಿಲ್ಲ.

ಇದಕ್ಕೆದುರಾಗಿ ಹೊರಗಾಳಿಯೂ ಎಲ್ಲೆಡೆ ಒಳ್ಳೆಯದಾಗಿರುವುದಿಲ್ಲ. ಕೂದಲೆಳೆಗಿಂತಲೂ ಹಲವು ಪಟ್ಟು ಸಣ್ಣದಾಗಿದ್ದು ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣಗಳಿಗೆ ಭಾರತದ 2009ರ ಮಾನದಂಡವು ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ ಮಿತಿಯನ್ನು ಹಾಕಿದರೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 15ಕ್ಕೆ ಇಳಿಸಿದೆ. ಹೊಗೆಯುಗುಳುವ ಲಾರಿಯ ಬೆನ್ನಿಗೆ ನಿಂತ ಕಾರಿಗೆ ಈ ಸರಾಸರಿಗಳಿಂದ ಪ್ರಯೋಜನವಿಲ್ಲ. ಆ ಹೊತ್ತಿಗೆ ಒಳಗಾಳಿಯೇ ಕ್ಷೇಮ. ಬನಶಂಕರಿಯಿಂದ ರೇಷ್ಮೆ ಸಂಸ್ಥೆಯವರೆಗಿನ ಒತ್ತೊತ್ತಾದ ಸಂಚಾರದಲ್ಲಿ, ಹಾರೋಹಳ್ಳಿಯ ಕಾರ್ಖಾನೆಗಳ ಎದುರಿನಲ್ಲಿ, ಜಲ್ಲಿ ತುಂಬಿದ ಟಿಪ್ಪರುಗಳು ಸಾಲುಗಟ್ಟಿರುವ ಕನಕಪುರದ ಆಸುಪಾಸಿನಲ್ಲಿ ಒಳಗಾಳಿಗೆ ಬದಲಾಯಿಸಿಕೊಂಡು, ಪಟ್ಟಣ ದಾಟಿ ಸಾತನೂರಿನ ಕಡೆಗೆ ದಾರಿ ತೆರವಾದ ಕೂಡಲೆ ಹೊರಗಾಳಿಯನ್ನು ಬಿಟ್ಟುಕೊಳ್ಳುವುದು ಈ ಮಾರ್ಗಕ್ಕೆ ಒಪ್ಪುವ ಕ್ರಮ. ತುಂಬಿದ ಕಾರಿನಲ್ಲಿ ದಟ್ಟಣೆ ದೀರ್ಘವಾದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ನಿಮಿಷ ಹೊರಗಾಳಿಗೆ ತಿರುಗಿಸಬೇಕು. ಹೊಗೆಯ ಅನಿಲಗಳನ್ನು ಮೂಸಿ ತಾನಾಗಿಯೇ ಬಾಗಿಲು ಮುಚ್ಚಿ ತೆರೆಯುವ ಸಂವೇದಕಗಳು ಮೇಲ್ದರ್ಜೆಯ ಕೆಲವು ಕಾರುಗಳಲ್ಲಿವೆ. ಒಳಗಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಏರ್ಪಾಡು ಮಾತ್ರ ಇನ್ನೂ ಅಪರೂಪ. ಹೊರಗಿನ ಹೊಲಸನ್ನು ಕಂಡುಹಿಡಿಯುವ ಯಂತ್ರವನ್ನು ಮೊದಲು ಮಾಡಿ, ಒಳಗಿನವರ ಉಸಿರನ್ನು ಗಮನಿಸುವುದನ್ನು ಮುಂದೂಡಿರುವುದು ವಿಚಿತ್ರವೇ ಸರಿ.

ಗಣಿಯ ದೂಳಿನ ವಿಷಯದಲ್ಲಿ ಕ್ಯಾಬಿನ್ ಫಿಲ್ಟರಿನ ಪಾತ್ರ ದೊಡ್ಡದು. ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದೆ ಕೂರುವ, ಮಡಿಕೆ ಮಡಿಕೆಯಾದ ಈ ಕಾಗದದ ಚೌಕವು ದೂಳನ್ನೂ ಪರಾಗವನ್ನೂ ತಡೆಯುತ್ತದೆ. ಇದ್ದಿಲಿನ ಪದರವುಳ್ಳದ್ದಾದರೆ ವಾಸನೆಯನ್ನೂ ಕೆಲವು ಅನಿಲಗಳನ್ನೂ ಒಂದಿಷ್ಟು ಹೀರುತ್ತದೆ. ಕಲ್ಲಿನ ದೂಳಿನ ದಪ್ಪ ಕಣಗಳು ಅದರಲ್ಲಿ ಸಿಕ್ಕಿಬೀಳುವುದರಿಂದ ಈ ದಾರಿಯಲ್ಲಿ ದಿನವೂ ಓಡಾಡುವ ಕಾರಿನ ಫಿಲ್ಟರು ಕೈಪಿಡಿ ಹೇಳುವ ಅವಧಿಗಿಂತ ಮೊದಲೇ ಕಟ್ಟಿಕೊಳ್ಳುತ್ತದೆ. ಬ್ಲೋವರ್ ಜೋರಾಗಿ ಸದ್ದು ಮಾಡಿದರೂ ಗಾಳಿ ಬರದಿದ್ದಾಗ ಹಲವರು ‘ಗ್ಯಾಸ್ ಕಮ್ಮಿಯಾಗಿದೆ’ ಎಂದು ಭಾವಿಸಿ ದುಡ್ಡು ತೆರುತ್ತಾರೆ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗಿ ತೀರುವ ವಸ್ತುವಲ್ಲ. ನಿಜವಾಗಿಯೂ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆಯೆಂದೇ ಅರ್ಥ, ಸೋರಿಕೆ ಹುಡುಕದೆ ತುಂಬಿಸುವುದು ವ್ಯರ್ಥ. ಹುಣಸೆ ಅಥವಾ ಹೊಂಗೆ ಮರದ ನೆರಳಲ್ಲಿ ನಿಲ್ಲಿಸುವವರು ವೈಪರಿನ ಕೆಳಗಿನ ಸೀಳುಗಳಲ್ಲಿ ಸೇರಿಕೊಳ್ಳುವ ಎಲೆಗಳನ್ನು ಆಗಾಗ ತೆಗೆಯಬೇಕು; ಅವು ಕೊಳೆತರೆ ಹೊರಗಾಳಿಯ ಗುಂಡಿಯೊತ್ತಿದಾಗಲೆಲ್ಲ ಕಮಟು ಬಡಿದು, ಚಾಲಕ ಮತ್ತೆ ಒಳಗಾಳಿಗೇ ಶರಣಾಗುತ್ತಾನೆ. ತೇವವಾಗಿಯೇ ಉಳಿದ ಕೂಲಿಂಗ್ ಕಾಯಿಲಿನಲ್ಲಿ ಬೂಷ್ಟು ಬೆಳೆದರೂ ಇದೇ ಪಾಡು. ಊರು ಇನ್ನೆರಡು ಮೂರು ಕಿಲೋಮೀಟರ್ ಇರುವಾಗ ಏಸಿ ಆರಿಸಿ ಬ್ಲೋವರನ್ನಷ್ಟೇ ಓಡಿಸಿದರೆ ಕಾಯಿಲು ತಕ್ಕಮಟ್ಟಿಗೆ ಆರುತ್ತದೆ.

ಮಳೆಗಾಲದ ಪ್ರಶ್ನೆ ಬೇರೆಯೇ. ಕುಳಿತ ಒಬ್ಬೊಬ್ಬರ ಉಸಿರು ಮತ್ತು ಮೈಯಿಂದ ಗಂಟೆಗೆ 40–50 ಗ್ರಾಂನಷ್ಟು ನೀರಾವಿ ಹೊರಡುತ್ತದೆ. ನೆನೆದ ಬಟ್ಟೆ, ಕೊಡೆ, ಕಾಲೊರೆಸು ಇವುಗಳ ತೇವವೂ ಅದಕ್ಕೆ ಸೇರುತ್ತದೆ. ಮಳೆ ಬಡಿದು ತಣ್ಣಗಾದ ಗಾಜಿನ ಒಳಮೈಗೆ ಈ ಆವಿ ತಾಗಿ ಮಂಜು ಕಟ್ಟುತ್ತದೆ. ಏಸಿ ಆರಿಸಿ ಒಳಗಾಳಿಯಲ್ಲೇ ಇರುವುದು ಇಂಥ ಹೊತ್ತಿನಲ್ಲಿ ಅತ್ಯಂತ ಅಪಾಯದ ಜೋಡಣೆ. ಏಸಿ ಹಾಕಿ, ಹೊರಗಾಳಿ ಬಿಟ್ಟು, ಗಾಳಿಯನ್ನು ಮುಂಗಾಜಿಗೆ ತಿರುಗಿಸಬೇಕು; ಗಾಜಿನ ಚಿತ್ರವಿರುವ ಗುಂಡಿ ಬಹುತೇಕ ಕಾರುಗಳಲ್ಲಿ ಈ ಮೂರನ್ನೂ ಒಟ್ಟಿಗೇ ಮಾಡುತ್ತದೆ. ಚಳಿಯೆನಿಸಿದರೆ ಏಸಿ ಆರಿಸದೆ ಶಾಖದ ಅಂಕಿಯನ್ನು 26, 27ಕ್ಕೆ ಏರಿಸುವುದು ಸರಿಯಾದ ಕ್ರಮ. ಆಗ ಗಾಳಿ ಮೊದಲು ಕೂಲಿಂಗ್ ಕಾಯಿಲಿನಲ್ಲಿ ಒಣಗಿ, ಬಳಿಕ ಹೀಟರ್ ಕಾಯಿಲಿನಲ್ಲಿ ಬೆಚ್ಚಗಾಗಿ ಹೊರಬರುತ್ತದೆ. ಏಸಿ ಮತ್ತು ಹೀಟರುಗಳು ಒಟ್ಟಿಗೆ ಕೆಲಸ ಮಾಡಬಾರದೆಂಬ ನಂಬಿಕೆಗೆ ಆಧಾರವಿಲ್ಲ. ಒಳಗಾಳಿಯಲ್ಲಿರುವಾಗ ಏಸಿಯನ್ನು ತಟ್ಟನೆ ಆರಿಸಿದರೆ ಕಾಯಿಲಿನ ಮೇಲೆ ನಿಂತ ನೀರು ಮತ್ತೆ ಆವಿಯಾಗಿ ಕ್ಷಣಮಾತ್ರದಲ್ಲಿ ಗಾಜು ಮುಚ್ಚಿಹೋಗುವುದುಂಟು. ಮಂಜು ಗಾಜಿನ ಹೊರಮೈಯಲ್ಲಿದ್ದರೆ ಚಿಕಿತ್ಸೆ ತಿರುವುಮುರುವು: ತಣ್ಣನೆಯ ಗಾಳಿ ಗಾಜಿಗೆ ಬಡಿದು ಅದು ಹೊರಗಿನ ತೇವದ ಗಾಳಿಗಿಂತ ತಂಪಾಗಿರುವುದೇ ಕಾರಣವಾದ್ದರಿಂದ, ವೈಪರ್ ಆಡಿಸಿ ಗಾಳಿಯನ್ನು ಗಾಜಿನಿಂದ ಬೇರೆಡೆಗೆ ತಿರುಗಿಸಿ ಶಾಖವನ್ನು ಏರಿಸಬೇಕು. ಯಾವ ಮೈಯಲ್ಲಿ ಮಂಜಿದೆಯೆಂದು ತಿಳಿಯಲು ಒಳಗಿನಿಂದ ಒಂದು ಬೆರಳೆಳೆದರೆ ಸಾಕು.

ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮಟ್ಟಿಗೆ ಮೊದಲ ಐದು ನಿಮಿಷಗಳೇ ಮುಖ್ಯ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ ಮುಚ್ಚಿದ ಕಾರಿನೊಳಗಿನ ಶಾಖವು ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿಯಷ್ಟು ಏರುತ್ತದೆ, ಅದರ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರುತ್ತದೆ, ಕಿಟಕಿಯನ್ನು ಬೆರಳಗಲ ಇಳಿಸಿಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಸಂಗಮದಲ್ಲೋ ಕಬ್ಬಾಳಿನಲ್ಲೋ ನಿಲ್ಲಿಸಿಹೋದ ಕಾರಿನಲ್ಲಿ ಮಗುವನ್ನು ಅಥವಾ ನಾಯಿಯನ್ನು ‘ಐದೇ ನಿಮಿಷ’ವೆಂದು ಬಿಟ್ಟುಹೋಗುವುದು ಎಂದಿಗೂ ತಕ್ಕುದಲ್ಲ. ಹಿಂತಿರುಗಿ ಬಂದಾಗ ಒಳಗಿನ ಗಾಳಿ ಹೊರಗಿನದಕ್ಕಿಂತ ಬಹಳ ಬಿಸಿಯಾಗಿರುವುದರಿಂದ ಆ ಹೊತ್ತಿನಲ್ಲಿ ಹೊರಗಾಳಿಯೇ ತಂಪು. ಬಾಗಿಲುಗಳನ್ನು ತೆರೆದು, ಕಿಟಕಿ ಇಳಿಸಿ, ಒಂದೆರಡು ನಿಮಿಷ ಓಡಿಸಿ ಬಿಸಿಯನ್ನು ಹೊರದಬ್ಬಿದ ಮೇಲೆ ಕಿಟಕಿ ಮುಚ್ಚಿ ಒಳಗಾಳಿಗೆ ಬರುವುದು ಕ್ರಮ. ಡ್ಯಾಶ್‌ಬೋರ್ಡಿನಿಂದ ಬೆಂಜೀನ್ ಹೊರಟು ಕ್ಯಾನ್ಸರ್ ಬರುತ್ತದೆಂದು ಮೊಬೈಲುಗಳಲ್ಲಿ ವರ್ಷಗಳಿಂದ ಸುತ್ತುತ್ತಿರುವ ಸಂದೇಶದ ಅಂಕಿಅಂಶಗಳಿಗೆ ಆಧಾರವಿಲ್ಲದಿದ್ದರೂ, ಕಿಟಕಿ ತೆರೆಯಿರೆಂಬ ಅದರ ಸಲಹೆ ಬೇರೆ ಕಾರಣಕ್ಕೆ ಸರಿಯಾಗಿಯೇ ಇದೆ.

ಯಾವ ಗುಂಡಿಯೂ ಕಾಪಾಡಲಾರದ ಸ್ಥಿತಿಯೊಂದನ್ನು ಪ್ರತ್ಯೇಕವಾಗಿ ಹೇಳಬೇಕು. ನಿಂತ ಕಾರಿನಲ್ಲಿ ಎಂಜಿನ್ ಓಡಿಸಿಕೊಂಡು ಏಸಿ ಹಾಕಿ ಮಲಗಿದಾಗ, ಸೈಲೆನ್ಸರ್ ಕೊಳವೆಯಲ್ಲಿ ಬಿರುಕಿದ್ದರೆ ಅಥವಾ ಮುಚ್ಚಿದ ಶೆಡ್ಡಿನಲ್ಲಿ ಕಾರು ನಿಂತಿದ್ದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಸೇರುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕ್ಯಾಬಿನ್ ಫಿಲ್ಟರು ಅದನ್ನು ತಡೆಯದು. ಒಳಗಾಳಿಯ ಮರುಬಳಕೆಯು ಒಮ್ಮೆ ಒಳಬಂದದ್ದನ್ನು ಅಲ್ಲೇ ಹಿಡಿದಿಡುತ್ತದೆ.

ತಂಪುಕಾರಕದ ಪರಿಸರ ಪ್ರಶ್ನೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಓಜೋನ್ ಪದರಕ್ಕೆ ಕುತ್ತಾಗಿದ್ದ ಆರ್-12 ಅನಿಲವು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಹಿಂದೆ ಸರಿದು, ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1400 ಪಟ್ಟು ಭೂಮಿಯನ್ನು ಬಿಸಿ ಮಾಡಬಲ್ಲುದು. ಅದನ್ನು ಕ್ರಮೇಣ ಇಳಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಅನುಮೋದನೆ ನೀಡಿದೆ. ಸೋರಿಕೆಯನ್ನು ಮುಚ್ಚದೆ ವರ್ಷವರ್ಷ ಗ್ಯಾಸ್ ತುಂಬಿಸುವುದರ ಲೆಕ್ಕ ಹೀಗೆ ಜೇಬಿನಾಚೆಗೂ ಹೋಗುತ್ತದೆ.

ಈ ದಾರಿಯ ದೂಳನ್ನೂ ಝಳವನ್ನೂ ಅತಿ ಹೆಚ್ಚು ಉಂಡವರು ಕಾರಿನವರಲ್ಲ, ಕನಕಪುರ ಸೀಮೆಯ ಗಣಿಗಳಿಂದ ಕಲ್ಲು, ಜಲ್ಲಿ ಸಾಗಿಸುವ ಲಾರಿ ಚಾಲಕರು. ಕಾರಿಗೆ ತಂಪು ಬಂದು ದಶಕಗಳಾದ ಮೇಲೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕ್ಯಾಬಿನ್‌ಗೆ ಏಸಿ ಕಡ್ಡಾಯವಾಗಿದೆ. ಹಳೆಯ ಲಾರಿಗಳಿಗೆ ಈ ನಿಯಮ ಅನ್ವಯಿಸದಿರುವುದರಿಂದ ಬದಲಾವಣೆ ರಸ್ತೆಯಲ್ಲಿ ಕಾಣಲು ಇನ್ನೂ ಕೆಲವು ವರ್ಷ ಬೇಕು. ಹೊಸ ಕ್ಯಾಬಿನ್‌ಗಳಲ್ಲಿ ಕೂರುವವರಿಗೆ, ದಿನವಿಡೀ ದೂಳಿನಲ್ಲಿ ಒಳಗಾಳಿಯನ್ನೇ ಸುತ್ತಿಸಿ ಒಬ್ಬಂಟಿಯಾಗಿ ಓಡಿಸುವಾಗ ಫಿಲ್ಟರನ್ನು ಯಾವಾಗ ಬದಲಿಸಬೇಕು, ರಾತ್ರಿ ರಸ್ತೆಬದಿಯಲ್ಲಿ ಎಂಜಿನ್ ಓಡುತ್ತಿರಲು ಬಿಟ್ಟು ಮಲಗುವುದರ ಅಪಾಯವೇನು, ಗಣಿ ದಾಟಿದ ಮೇಲೆ ಯಾವ ಗುಂಡಿ ಒತ್ತಬೇಕು ಎಂಬುದನ್ನು ವಾಹನ ಕೈಗೊಪ್ಪಿಸುವ ದಿನವೇ ಕನ್ನಡದಲ್ಲಿ ಹೇಳಿಕೊಡುವುದು ಮಾರಾಟಗಾರರ ಮತ್ತು ಸಾರಿಗೆ ಇಲಾಖೆಯ ಮುಂದಿರುವ ಕೆಲಸ.